ಮೂರನೆಯ ಕೂಗಿನ ಮನೆ

ನನ್ನ ವಿದ್ಯಾರ್ಥಿಗಳಿಗೆ ನನ್ನನ್ನು ಅಣಕಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ಯಾರಾದರೂ “ಮ್ಯಾಮ್” ಎಂದರೆ ಸಾಕು, ಆ ಶಬ್ದ ಪೂರ್ತಿಯಾಗುವ ಮೊದಲೇ ನಾನು “ಓ” ಎಂದಿರುತ್ತೇನೆ. ಎರಡನೆಯ ಸಲ ಕರೆಸಿಕೊಳ್ಳುವುದು ನನ್ನಿಂದಾಗದು. ಕೈಯಲ್ಲಿ ಏನಿದ್ದರೂ ಬಿಟ್ಟು ಓಗೊಡುತ್ತೇನೆ. ಮಣಿಪಾಲದ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಬ್ಬಳು ಇದನ್ನೇ ಅಭಿನಯಿಸಿ ತೋರಿಸಿ ಬಹುಮಾನ ಹೊಡೆದಳು. ನಾನೂ ಎಲ್ಲರ ಜೊತೆ ನಕ್ಕೆ. ಯಾಕೆ ಹೀಗೆ ಎಂದು ಹೇಳಹೊರಟರೆ ನಗು ನಿಂತುಹೋಗುತ್ತದೆ, ಅದು ನನಗೆ ಗೊತ್ತಿದೆ.

ಈ ವರ್ಷ ತುಳುವರ ಆಷಾಢವಾದ ಆಟಿ ತಿಂಗಳಲ್ಲಿ ಅವರನ್ನೆಲ್ಲ ಕಾರ್ಕಳಕ್ಕೆ ಕರೆದುಕೊಂಡು ಹೋಗಿದ್ದೆ. ಹಳೆಯ ಕಟ್ಟಡಗಳ ಪಾಠವನ್ನು ಕ್ಲಾಸಿನಲ್ಲಿ ಎಷ್ಟು ಹೇಳಿದರೂ ಅವರಿಗೆ ಅದು ಫೋಟೋ. ಬೆಟ್ಟದ ಮೇಲಿನ ಗೊಮ್ಮಟ, ಎದುರಿನ ಗುಡ್ಡದ ಚತುರ್ಮುಖ ಬಸದಿ, ಹಿರಿಯಂಗಡಿಯ ಮಾನಸ್ತಂಭ, ಎಲ್ಲ ಆಯಿತು. ನಾಲ್ಕೂ ಕಡೆ ಒಂದೇ ರೀತಿಯಿರುವ ಬಸದಿಯೊಳಗೆ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದ ಹುಡುಗರು ಚಪ್ಪಲಿ ಹುಡುಕುತ್ತಾ ಮಳೆಯಲ್ಲಿ ಸುತ್ತು ಹಾಕಿದ್ದೂ ಆಯಿತು. ಆಮೇಲೆ ನಾನು ಅವರನ್ನು ಪೇಟೆಯ ಹಿಂದಿನ ಬೀದಿಗೆ ಕರೆದೊಯ್ದೆ. ಅಲ್ಲಿಯ ಒಂದು ಮನೆ ಈಗ ಪ್ರವಾಸಿಗರು ತಂಗುವ ಜಾಗ. ಗೋಡೆಗೆ ಹೊಸ ಬಣ್ಣ, ಬಾಗಿಲಲ್ಲಿ ಕೈತೊಳೆಯುವ ದ್ರಾವಣ, ಚಾವಡಿಯಲ್ಲಿ ಬೆತ್ತದ ಕುರ್ಚಿಗಳು. ಆದರೆ ಒಳಗೆ ಕಾಲಿಡುತ್ತಲೇ ಒದ್ದೆ ಮರ, ಸುಣ್ಣ, ಹೊಗೆ ಮತ್ತು ಹಲಸಿನ ಹಪ್ಪಳ ಒಟ್ಟಾದ ಆ ವಾಸನೆ ಮೂಗಿಗೆ ಬಡಿಯಿತು. ಬಣ್ಣ ಬಳಿದು ಅದನ್ನು ಓಡಿಸಲು ಅವರಿಂದ ಆಗಿಲ್ಲ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಮಕ್ಕಳನ್ನು ಒಳಗೆ ಕಳಿಸಿ ನಾನು ಜಗಲಿಯಲ್ಲೇ ಕೂತೆ.

ಓದು ಮುಗಿಸಿದ ವರ್ಷದ ಮಳೆಗಾಲವನ್ನು ನಾನು ಆ ಮನೆಯಲ್ಲಿ ಕಳೆದಿದ್ದೆ. ಊರಿನ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿದ್ದವು. ಬೀಳುವ ಮೊದಲು ಅವುಗಳ ಅಳತೆ ತೆಗೆದು ನಕ್ಷೆ ಮಾಡಿಡುವ ಒಂದು ಕೆಲಸ ನಮಗೆ ಸಿಕ್ಕಿತ್ತು. ನಮಗೆ ಎಂದರೆ ನನಗೆ ಮತ್ತು ನನ್ನ ಸಹಪಾಠಿಯೊಬ್ಬನಿಗೆ. ಅವನು ಮೊದಲ ವಾರದಲ್ಲೇ ಜ್ವರ ಹಿಡಿದು ಮನೆಗೆ ಹೋದವನು ತಿರುಗಿ ಬರಲಿಲ್ಲ. ನನ್ನ ಮನೆ ಇನ್ನಂಜೆ. ಅಲ್ಲಿಂದ ಕಾರ್ಕಳಕ್ಕೆ ದಿನಾ ಬಸ್ಸು ಬದಲಿಸಿಕೊಂಡು ಹೋಗಿ ಬರುವುದೆಂದರೆ ಒದ್ದೆಯಾಗುವುದೇ ಕೆಲಸ. ಹಾಗಾಗಿ ಅಳತೆ ತೆಗೆಯಬೇಕಾದ ಮನೆಗಳಲ್ಲೇ ಒಂದರಲ್ಲಿ ಉಳಿದುಕೊಳ್ಳಲು ಏರ್ಪಾಡಾಯಿತು. ಅದು ಪದ್ಮಕ್ಕನ ಮನೆ.

ನನ್ನ ಮಮ್ಮಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. “ಆಟಿಯಲ್ಲಿ ಯಾರಾದರೂ ಬೇರೆಯವರ ಮನೆಯಲ್ಲಿ ಹೋಗಿ ಕೂರುತ್ತಾರಾ? ಅದೂ ಅಷ್ಟು ಹಳೆ ಮನೆ” ಎಂದರು. ನಾವು ಕೊಂಕಣಿ ಮಾತಾಡುವ ಕ್ರೈಸ್ತರು, ಆಟಿ ನಮ್ಮ ಪಂಚಾಂಗದಲ್ಲಿ ಇಲ್ಲ ಎಂದು ನಾನು ನಕ್ಕೆ. “ಪಂಚಾಂಗದಲ್ಲಿ ಇಲ್ಲದಿದ್ದರೂ ಮಳೆಯಲ್ಲಿ ಉಂಟು” ಎಂದು ಮಮ್ಮಿ ಜಪಮಾಲೆಯನ್ನು ಚೀಲದ ತಳಕ್ಕೆ ಹಾಕಿದರು. ಮೇಲೆ ಒಂದು ಬಾಟಲಿ ಒಣಸಿಗಡಿ ಚಟ್ನಿ. ಹೋಗುತ್ತಿರುವುದು ಜೈನರ ಮನೆಗೆ, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬರುವುದಿಲ್ಲ ಎಂದು ಇಬ್ಬರಿಗೂ ನೆನಪಾದದ್ದು ಬಸ್ಸು ಹತ್ತಿದ ಮೇಲೆ. ಆ ಚಟ್ನಿಯನ್ನು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಬನ್ನಿನ ಜೊತೆ ತಿಂದು ಮುಗಿಸಿದೆ.

ಪದ್ಮಕ್ಕ ಅರುವತ್ತರ ಆಸುಪಾಸಿನವರು. ಮದುವೆಯಾಗಿ ಮೂಡುಬಿದಿರೆಗೆ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವರು. ಮನೆಯಲ್ಲಿ ಅವರು ಮತ್ತು ಅವರ ತಮ್ಮ ಧರಣಪ್ಪಣ್ಣ ಇಬ್ಬರೇ. ತಮ್ಮನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವರು ಕತ್ತಲಾದ ಮೇಲೆ ಉಣ್ಣುವವರಲ್ಲವಾದ್ದರಿಂದ ಊಟ ಬುತ್ತಿಯಲ್ಲಿ ಅಂಗಡಿಗೇ ಹೋಗುತ್ತಿತ್ತು. ಪದ್ಮಕ್ಕನೂ ನಾನೂ ಬೆಳಕಿರುವಾಗಲೇ ಉಂಡು, ಅವರು ಚಾವಡಿಯ ಉಯ್ಯಾಲೆಯಲ್ಲಿ, ನಾನು ಕಂಬಕ್ಕೆ ಒರಗಿ ನಕ್ಷೆ ಬಿಡಿಸುತ್ತಾ ಕೂರುವುದು ರೂಢಿಯಾಯಿತು. ನನ್ನ ಕೊಂಕಣಿ ಬೆರೆತ ತುಳು ಕೇಳಿ ಅವರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ.

ಮನೆ ಮಾತ್ರ ಬಲು ಚೆಂದ. ಮುರಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಚಾವಡಿಯ ಹಲಸಿನ ಕಂಬಗಳ ಬುಡದಲ್ಲಿ ಬಳ್ಳಿಯ ಕೆತ್ತನೆ. ಮೇಲೆ ಹಲಗೆ ಹೊದಿಸಿದ ಮುಚ್ಚಿಗೆ. ಆ ಮುಚ್ಚಿಗೆಗೂ ಹಂಚಿನ ಮಾಡಿಗೂ ನಡುವೆ ಮನೆಯುದ್ದಕ್ಕೂ ಒಂದು ಅಟ್ಟ. ಅಡುಗೆಮನೆಯ ಪಕ್ಕದಿಂದ ಕಡಿದಾದ ಏಣಿಮೆಟ್ಟಿಲು ಹತ್ತಿ, ತಲೆಯ ಮೇಲಿನ ಒಂದು ಭಾರದ ಮುಚ್ಚಳವನ್ನು ಹೆಗಲು ಕೊಟ್ಟು ನೂಕಿದರೆ ಅಟ್ಟ ತೆರೆದುಕೊಳ್ಳುತ್ತಿತ್ತು. ನಾನು ಅದನ್ನು ಕೊನೆಗೆ ಅಳೆಯೋಣವೆಂದು ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ, ಬಾವಲಿಗಳ ಹೆದರಿಕೆ.

ಬಂದ ದಿನವೇ ನನಗೆ ಆ ಮನೆಯ ಒಂದು ಪದ್ಧತಿ ಗೊತ್ತಾಯಿತು. ಊಟಕ್ಕೆ ಕರೆಯುವಾಗ ಪದ್ಮಕ್ಕ “ಫ್ಲೇವಿ, ಫ್ಲೇವಿ, ಫ್ಲೇವಿ” ಎಂದು ಒಂದೇ ಉಸಿರಿಗೆ ಮೂರು ಸಲ ಕೂಗುತ್ತಿದ್ದರು. ಮೊದಲು ನಾನು, ಅವರಿಗೆ ಹಸಿವು ಜೋರಾಗಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಹಾಲಿನವಳೂ ಗೇಟಿನಲ್ಲಿ ಮೂರು ಸಲ, ಧರಣಪ್ಪಣ್ಣನೂ ಮೂರು ಸಲ. ಒಂದು ದಿನ ಕೊರಿಯರಿನವನು ಹೊರಗೆ ನಿಂತು ಒಮ್ಮೆ ಕರೆದ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕರೆದ. ಪದ್ಮಕ್ಕ ಹಲಸಿನ ಬೀಜ ಜಜ್ಜುತ್ತಾ ಕೂತವರು ಏಳಲೇ ಇಲ್ಲ. ಅವನು ನನ್ನ ಡ್ರಾಯಿಂಗ್ ಪೇಪರಿನ ಕಟ್ಟನ್ನು ಹೊತ್ತುಕೊಂಡು ವಾಪಸ್ಸು ಹೋದ.

“ಅಕ್ಕ, ಅದು ನನ್ನ ಪಾರ್ಸೆಲ್ಲು!” ಎಂದು ನಾನು ಬಾಯಿ ಬಡಿದುಕೊಂಡೆ. ಎಲ್ಲರಂತೆ ನಾನೂ ಅವರನ್ನು ಬರೀ ಅಕ್ಕ ಎನ್ನುತ್ತಿದ್ದೆ.

“ಮೂರನೇ ಸಲ ಕರೀಲಿಲ್ಲ ಅಲ್ವಾ ಮಾರಾಯ್ತಿ ಅವನು.”

“ಮೂರನೇ ಸಲ ಯಾಕೆ ಕರೀಬೇಕು?”

“ಮನುಷ್ಯರಿಗೆ ಮೂರು ಸಲ ಕರೀಲಿಕ್ಕೆ ಆಗ್ತದೆ. ಬೇರೆಯವರಿಗೆ ಎರಡೇ ಸಲ. ಆಟಿ ತಿಂಗಳಲ್ಲಿ ಅವರೆಲ್ಲ ತಿರುಗಾಡುವ ಹೊತ್ತು. ಒಂದು, ಎರಡಕ್ಕೆ ಓ ಅಂತ ಹೇಳಿದ್ರೆ ಅವರ ಜೊತೆ ಹೋಗ್ಬೇಕಾಗ್ತದೆ.”

ಹಗಲು ಹನ್ನೊಂದು ಗಂಟೆಗೆ ನೀಲಿ ಅಂಗಿ ಹಾಕಿ ಸ್ಕೂಟರಿನಲ್ಲಿ ಬರುವ ಪ್ರೇತವನ್ನು ನಾನಂತೂ ಕಂಡಿಲ್ಲ ಎಂದೆ. ಪದ್ಮಕ್ಕ ನಗಲಿಲ್ಲ. ನನ್ನ ಪೇಪರು ತಿರುಗಿ ಬರಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ನಾನು ಸಿಕ್ಕಸಿಕ್ಕಲ್ಲಿ ಈ ಪದ್ಧತಿಯನ್ನು ಗೇಲಿ ಮಾಡಿಕೊಂಡು ತಿರುಗಿದೆ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಧರಣಪ್ಪಣ್ಣ ಬೆಳಕಾಗುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತಂದಿದ್ದರು. ಪದ್ಮಕ್ಕ ಅದಕ್ಕೆ ಬೆಳ್ಳುಳ್ಳಿ ಹಾಕದೆ ಬರೀ ಕಾಳುಮೆಣಸು, ಓಮ ಸೇರಿಸಿ ನನ್ನ ಮುಂದೆ ಹಿಡಿದರು. ಕಹಿ ಎಂದರೆ ಎಂಥ ಕಹಿ, ಕಿವಿಯವರೆಗೂ ಹೋಯಿತು. ಮೇಲೆ ಮೆಂತೆ ಗಂಜಿ ಕೊಟ್ಟು, ನನ್ನ ಮುಖ ನೋಡಿ ನಗುತ್ತಾ ಪಕ್ಕದಲ್ಲಿ ಕೂತರು. ಆಮೇಲೆ ನಗು ನಿಲ್ಲಿಸಿ, ನಾನು ಕೇಳದೆಯೇ ಹೇಳಿದರು.

“ನನಗೊಬ್ಬಳು ತಂಗಿ ಇದ್ದಳು. ಕುಸುಮ. ಅವಳಿಗೆ ದಮ್ಮಿನ ತೊಂದರೆ ಇತ್ತು. ಮಳೆಗಾಲದಲ್ಲಿ ಹೆಚ್ಚಾಗ್ತಿತ್ತು.”

ಆಗ ಪದ್ಮಕ್ಕನಿಗೆ ಹದಿನಾಲ್ಕೋ ಹದಿನೈದೋ, ಕುಸುಮ ಎರಡು ವರ್ಷ ಚಿಕ್ಕವಳು. ಅದೂ ಆಟಿ, ಸಂಜೆ. ಊಟದ ಹೊತ್ತಿಗೆ ಕುಸುಮ ಕಾಣಲಿಲ್ಲ. ಅಜ್ಜಿಯ ಜೊತೆ ಬಸದಿಗೆ ಹೋಗಿರಬೇಕು ಎಂದು ಮನೆಯವರು ತಿಳಿದರು. ಅವಳು ಮಾತ್ರ ಹಪ್ಪಳದ ಕಟ್ಟು ತರಲು ಅಟ್ಟ ಹತ್ತಿದ್ದಳು. ಹಪ್ಪಳ ಬೂಸು ಹಿಡಿಯದಿರಲೆಂದು ಒಲೆಯ ಹೊಗೆ ತಾಗುವಲ್ಲಿ, ಅಡುಗೆಮನೆಯ ಸರಿ ಮೇಲಕ್ಕೆ, ಹಗ್ಗದಲ್ಲಿ ತೂಗುಹಾಕುತ್ತಿದ್ದರು. ಮುಚ್ಚಳ ಬಿದ್ದುಬಿಟ್ಟಿತ್ತು. ಕೆಳಗೆ ಬಚ್ಚಲ ಒಲೆಗೂ ಬೆಂಕಿ ಹಾಕಿದ್ದರು.

“ಮೇಲಿನಿಂದ ‘ಅಕ್ಕಾ’ ಅಂತ ಕೇಳಿಸಿತು. ನಾನು ಎದ್ದೆ. ಅಮ್ಮ ನನ್ನ ಕೈ ಹಿಡಿದರು, ಇಲ್ಲಿ, ಮಣಿಕಟ್ಟಿನಲ್ಲಿ. ಕುಸುಮ ಬಸದಿಯಲ್ಲಿದ್ದಾಳೆ, ಅಟ್ಟದಲ್ಲಿ ಯಾರು ಕರಿಯುದು? ಮೂರಾಗಲಿ ಅಂದರು. ಎರಡನೇ ಸಲ ಕೇಳಿಸಿತು. ಅಮ್ಮನ ಕೈ ಗಟ್ಟಿಯಾಯ್ತು. ಮೂರನೆಯದಕ್ಕೆ ನಾವಿಬ್ಬರೂ ಉಸಿರು ಹಿಡಿದು ಕೂತದ್ದು. ಬರಲಿಲ್ಲ. ಅಜ್ಜಿ ಬಸದಿಯಿಂದ ಒಬ್ಬರೇ ಬಂದ ಮೇಲೆ ಗೊತ್ತಾಯ್ತು.”

ನನ್ನ ಗೇಲಿಯೆಲ್ಲ ಬಾಯಲ್ಲೇ ಸತ್ತಿತು. ಗಂಜಿಯ ಬಟ್ಟಲನ್ನು ತಿರುಗಿಸುತ್ತಾ ಕೂತೆ. ಆಮೇಲೆ ಕೇಳಿದೆ: “ಹಾಗಾದರೆ ಈಗಲೂ ಯಾಕೆ ಮೂರು ಸಲ ಅಂತ ಕಾಯುವುದು ಅಕ್ಕ? ಆ ಪದ್ಧತಿಯನ್ನು ಬಿಟ್ಟುಬಿಡಬಹುದಿತ್ತಲ್ಲ.”

“ಹೇಗೆ ಬಿಡುದು? ಬಿಡ್ಲಿಕ್ಕೆ ಆಗ್ತದೆ ಅಂತಾದರೆ ಆವತ್ತೇ ಬಿಡ್ಬಹುದಿತ್ತು ಅಂತ ಆಗ್ತದೆ ಅಲ್ವಾ?”

ಅಂಗಳದಲ್ಲಿ ಮಳೆ ಸುರಿಯುತ್ತಿತ್ತು. ಅವರು ಇನ್ನೂ ಸಣ್ಣ ದನಿಯಲ್ಲಿ ಮುಂದುವರಿಸಿದರು. “ಬಸದಿಯಲ್ಲಿ ಕೇಳಿದರೆ, ಸತ್ತ ಗಳಿಗೆಯಲ್ಲೇ ಜೀವ ಇನ್ನೊಂದು ಹುಟ್ಟಿಗೆ ಹೋಗ್ತದೆ ಅಂತ ಹೇಳ್ತಾರೆ. ನಮ್ಮಲ್ಲಿ ಯಾರೂ ಕಾಯುದಿಲ್ಲ. ಆದರೆ ಪ್ರತಿ ಆಟಿಯಲ್ಲಿ ಮೇಲೆ ಅವಳ ಸ್ವರ ಕೇಳಿಸ್ತದೆ ನನಗೆ. ಎರಡು ಸಲ. ಮೂರನೆಯದಕ್ಕೆ ಕಿವಿ ಕೊಟ್ಟು ಕೂತುಕೊಳ್ತೇನೆ. ಅದೊಂದು ಬಂದರೆ ನಾನು ಓ ಅನ್ಬಹುದು. ನಿಮ್ಮವರಲ್ಲಿ ಹೇಗೆ? ಸತ್ತವರು ಕಾಯ್ತಾರಾ?”

“ಕಾಯುತ್ತಾರೆ ಅಂತ ಹೇಳುತ್ತಾರೆ. ಸ್ವರ್ಗಕ್ಕೆ ಹೋಗುವ ಮೊದಲು, ಒಂದು ಜಾಗದಲ್ಲಿ.”

“ಎಷ್ಟು ಸಮಯ?”

“ಅದು ಯಾರಿಗೂ ಗೊತ್ತಿಲ್ಲ ಅಕ್ಕ.”

ಪದ್ಮಕ್ಕ ತಲೆಯಾಡಿಸಿದರು. ಈ ಉತ್ತರದಿಂದ ಅವರಿಗೆ ಸಮಾಧಾನವಾದಂತೆ ಕಂಡಿತು. ನನಗೆ ಮಾತ್ರ ಅಂದಿನಿಂದ ಸಂಜೆಯಾಗುವುದೇ ಬೇಡವೆನಿಸತೊಡಗಿತು. ಉಯ್ಯಾಲೆಯ ಸರಪಳಿ ಕಿರುಗುಟ್ಟುತ್ತಿರುವುದು, ಇದ್ದಕ್ಕಿದ್ದಂತೆ ನಿಲ್ಲುವುದು, ಪದ್ಮಕ್ಕ ಮುಖವೆತ್ತಿ ಮುಚ್ಚಿಗೆಯನ್ನು ನೋಡುವುದು, ಮತ್ತೆ ಉಯ್ಯಾಲೆ ಶುರುವಾಗುವುದು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಸರಪಳಿ ನಿಂತಾಗಲೆಲ್ಲ ನನ್ನ ಪೆನ್ಸಿಲೂ ನಿಲ್ಲುತ್ತಿತ್ತು. ಜಪಮಾಲೆ ಚೀಲದ ತಳದಿಂದ ದಿಂಬಿನ ಕೆಳಗೆ ಬಂತು.

ಕೆಲಸ ಮುಗಿಯುತ್ತಾ ಬಂದಿತ್ತು. ಈ ಮನೆಯಲ್ಲಿ ಉಳಿದದ್ದು ಅಟ್ಟ ಒಂದೇ. ಅದನ್ನು ಅಳೆಯುತ್ತೇನೆಂದು ಪದ್ಮಕ್ಕನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ ಆನೆಕೆರೆಯ ಕಡೆಯ ಮನೆಗೆ ಹೋಗುತ್ತೇನೆ, ಊಟಕ್ಕೆ ಕಾಯಬೇಡಿ ಎಂದು ಹೊರಟೆ. ಅರ್ಧ ದಾರಿಯಲ್ಲಿ ಗಾಳಿ ಕೊಡೆಯನ್ನು ತಿರುಗಿಸಿ ಹಾಕಿತು. ವಾಪಸ್ಸು ಬಂದಾಗ ಪದ್ಮಕ್ಕ ಪಡಸಾಲೆಯಲ್ಲಿ ಮಲಗಿದ್ದರು. ಇದೇ ಸಮಯ ಎಂದುಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಟೇಪು ಟಾರ್ಚು ಹಿಡಿದು ಸದ್ದಿಲ್ಲದೆ ಅಟ್ಟ ಹತ್ತಿದೆ. ಮುಚ್ಚಳಕ್ಕೆ ಒಂದು ಕೋಲು ಆಧಾರ ಕೊಟ್ಟು ಮೇಲೆ ನಿಲ್ಲಿಸಿದೆ. ಬೆಳಗಿನಿಂದ ಕರೆಂಟಿರಲಿಲ್ಲ, ಚಾರ್ಜು ಮುಗಿದ ಮೊಬೈಲು ಕೆಳಗೆ ಚೀಲದಲ್ಲಿತ್ತು.

ಅಟ್ಟದೊಳಗೆ ಬಾವಲಿ ಇರಲಿಲ್ಲ. ಮಾಡಿನ ಜಂತಿಗಳು ಎಷ್ಟು ಅಚ್ಚುಕಟ್ಟಾಗಿ ಒಂದರೊಳಗೊಂದು ಕೂತಿದ್ದವೆಂದರೆ ನಾನು ಹೆದರಿಕೆಯನ್ನು ಮರೆತೆ. ಒಂದು ಮೊಳೆ ಸಹ ಇಲ್ಲ, ಎಲ್ಲ ಮರದ ಗೂಟ. ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಹೊತ್ತು ಹೋದದ್ದು ತಿಳಿಯಲಿಲ್ಲ. ಹಂಚಿನ ನಡುವಿನ ಗಾಜಿನ ತುಂಡಿನಿಂದ ಬರುತ್ತಿದ್ದ ಬೆಳಕು ಕಂದಿದಾಗ ಟೇಪನ್ನು ಜಗ್ಗಿ ಸುತ್ತಿಕೊಂಡೆ. ಟೇಪು ಕೋಲಿಗೆ ಸಿಕ್ಕಿತು. ಮುಚ್ಚಳ ದಡ್ಡೆಂದು ಬಿತ್ತು. ಮಳೆಗೆ ಉಬ್ಬಿದ ಮರ ಚೌಕಟ್ಟಿನೊಳಗೆ ಬಿಗಿಯಾಗಿ ಕೂತುಬಿಟ್ಟಿತು. ಮೇಲಿನಿಂದ ಹಿಡಿದು ಎಳೆಯಲು ಅದಕ್ಕೆ ಹಿಡಿಕೆಯಿಲ್ಲ. ಉಗುರು ಹಾಕಿ ನೋಡಿದೆ, ಪೆನ್ಸಿಲು ತೂರಿಸಿ ಮುರಿದುಕೊಂಡೆ.

ಕೆಳಗೆ ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ಹಾಕಿದ್ದರೆಂದು ಕಾಣುತ್ತದೆ. ಹಲಗೆಗಳ ಸಂದಿಯಿಂದ ಹೊಗೆ ಏಳತೊಡಗಿತು. ಉಯ್ಯಾಲೆಯ ಸರಪಳಿ ಕಿರುಗುಟ್ಟುವುದು ಕೇಳಿಸುತ್ತಿತ್ತು. ಸದ್ಯ, ಪದ್ಮಕ್ಕ ಚಾವಡಿಯಲ್ಲಿದ್ದಾರೆ. ಮುಚ್ಚಳ ಬಿದ್ದ ಸದ್ದನ್ನು ಮಳೆಯ ಅಬ್ಬರ ನುಂಗಿರಬೇಕು ಎಂದುಕೊಂಡು ಜೋರಾಗಿ ಕರೆದೆ.

“ಅಕ್ಕಾ!”

ಸರಪಳಿ ನಿಂತಿತು. ಯಾರೂ ಮಾತಾಡಲಿಲ್ಲ.

ಆಗಲೇ ನನಗೆ ಹೊಳೆದದ್ದು, ನಾನು ಎಲ್ಲಿದ್ದೇನೆ, ಯಾವ ಹೊತ್ತಿನಲ್ಲಿ, ಯಾವ ಹೆಸರಿನಿಂದ ಕರೆದೆ ಎಂದು. ಪದ್ಮಕ್ಕನ ಲೆಕ್ಕದಲ್ಲಿ ನಾನು ಆನೆಕೆರೆಯಲ್ಲಿದ್ದೆ. “ನಾನು, ಫ್ಲೇವಿ” ಎಂದು ಹೇಳೋಣವೆಂದು ಉಸಿರೆಳೆದರೆ ಗಂಟಲಿಗೆ ಹೊಗೆ ಹೊಕ್ಕು ಕೆಮ್ಮು ಒತ್ತಿಕೊಂಡು ಬಂತು. ಕೆಮ್ಮಿನ ನಡುವೆ ಮತ್ತೆ ಹೊರಬಿದ್ದದ್ದು ಅದೇ ಶಬ್ದ, ಅದೂ ಅರ್ಧ ಸ್ವರದಲ್ಲಿ. ಆಮೇಲೆ ನೆಲಕ್ಕೆ ಕವುಚಿ ಮಲಗಿ, ಹಲಗೆಯ ಸಂದಿಗೆ ಕಣ್ಣಿಟ್ಟೆ.

ಪದ್ಮಕ್ಕ ನನ್ನ ಸರಿ ಕೆಳಗೆ ನಿಂತಿದ್ದರು. ಮುಖ ಮೇಲಕ್ಕೆ, ಕಣ್ಣು ಮುಚ್ಚಿತ್ತು. ಅವರ ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಯಾರೋ ಬೇರೆಯವರು ಅವರನ್ನು ಹಿಡಿದು ನಿಲ್ಲಿಸಿದಂತಿತ್ತು ಆ ಹಿಡಿತ.

ನಾನು ಬದುಕಿದ್ದೇನೆ ಎಂದು ಇನ್ನೊಬ್ಬರಿಗೆ ನಂಬಿಸಬೇಕಾಗಿ ಬಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಹೊಗೆ ಕಣ್ಣು ಉರಿಸುತ್ತಿತ್ತು. ಮೂರನೆಯ ಸಲ ಕರೆಯಲು ಉಸಿರೇ ಸಿಗುತ್ತಿಲ್ಲ. ಆ ಹುಡುಗಿಗೂ ಹೀಗೇ ಆಗಿರಬೇಕು, ಅವಳೂ ಇದೇ ಹಲಗೆಗೆ ಬಾಯಿಟ್ಟಿರಬೇಕು ಎಂದು ನೆನೆದಾಗ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಆ ಸಿಟ್ಟಿನಲ್ಲೇ ಸಂದಿಗೆ ಬಾಯಿಟ್ಟು ಕಿರುಚಿದೆ.

“ಅಕ್ಕಾ!”

“ಓ!” ಎಂದರು ಪದ್ಮಕ್ಕ. ಅದು ಅರುವತ್ತು ವರ್ಷದ ಹೆಂಗಸಿನ ಸ್ವರವಾಗಿರಲಿಲ್ಲ. “ಓ! ಬತ್ತೆ ಕುಸುಮ, ಬತ್ತೆ!” ಬಂದೆ ಕುಸುಮ, ಬಂದೆ ಎಂದು ತುಳುವಿನಲ್ಲಿ ಕೂಗುತ್ತಾ ಓಡಿದರು. ಮೊಣಕಾಲು ನೋವೆಂದು ಬಾವಿಕಟ್ಟೆ ಹತ್ತಲೂ ಕಷ್ಟಪಡುತ್ತಿದ್ದವರು ಏಣಿಮೆಟ್ಟಿಲನ್ನು ದಡದಡನೆ ಹತ್ತಿದರು. ಒಂದೇ ನೂಕಿಗೆ ಮುಚ್ಚಳ ಎದ್ದಿತು. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ಮದುವೆಮನೆಯಲ್ಲೂ, ಯಾರ ಮುಖದಲ್ಲೂ ಕಂಡಿಲ್ಲ. ಅದು ನನ್ನನ್ನು ನೋಡಿತು.

“ನೀವಾ?” ಎಂದರು.

ಅಷ್ಟೇ. ಮತ್ತೆ ಅವರು ನನ್ನನ್ನು ಕೆಳಗಿಳಿಸಿದರು, ನೀರು ಕೊಟ್ಟರು, ಬೆನ್ನು ತಿಕ್ಕಿದರು. ಹೇಳದೆ ಯಾಕೆ ಹತ್ತಿದ್ದು ಎಂದು ಒಂದು ಸಲ ಮೆಲ್ಲಗೆ ಕೇಳಿದರು, ಬೈಯಲಿಲ್ಲ. ಆದರೆ ಆ “ನೀವಾ” ಎಂಬ ಮಾತು ನನ್ನಲ್ಲಿ ಇವತ್ತಿಗೂ ಹಾಗೇ ಇದೆ. ನಾನು ಬದುಕಿ ಬಂದದ್ದಕ್ಕೆ ಒಬ್ಬರಿಗೆ ಇಷ್ಟು ದುಃಖವಾದದ್ದನ್ನು ಕಣ್ಣಾರೆ ಕಂಡು, ಅವರ ಮೇಲೆ ಬೇಸರ ಮಾಡಿಕೊಳ್ಳಲೂ ಆಗದೆ ಒದ್ದಾಡಿದೆ.

ಆಮೇಲಿನ ದಿನಗಳಲ್ಲಿ ಪದ್ಮಕ್ಕ ನನ್ನನ್ನು ಕರೆಯುವುದನ್ನೇ ಬಿಟ್ಟರು. ಊಟದ ಹೊತ್ತಿಗೆ ನಾನಿದ್ದಲ್ಲಿಗೆ ಬಂದು ಭುಜ ಮುಟ್ಟುತ್ತಿದ್ದರು. ಉಯ್ಯಾಲೆ ತೂಗಲಿಲ್ಲ. ಧರಣಪ್ಪಣ್ಣ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕನಿಗೆ ಎಂತ ಆಗಿದೆ? ಡಾಕ್ಟರಲ್ಲಿ ತೋರಿಸ್ಬೇಕಾ?” ಎಂದು ಕೇಳಿದರು. ಹೊಗೆಯಲ್ಲಿ ಓಡಿ ಸುಸ್ತಾಗಿರಬಹುದು ಎಂದೆ.

ಆಟಿಯ ಕೊನೆಯ ದಿನ. ಮರುದಿನ ಬೆಳಿಗ್ಗೆ ನಾನು ಹೊರಡುವುದಿತ್ತು. ಸಂಜೆ ಬೇಗ ಊಟ ಮುಗಿಸಿ ಚೀಲ ಕಟ್ಟುತ್ತಿದ್ದಾಗ ಪದ್ಮಕ್ಕ ಬಂದು ಬಾಗಿಲಲ್ಲಿ ನಿಂತರು.

“ನಿಮ್ಮತ್ರ ಒಂದು ಕೇಳ್ಲಿಕ್ಕುಂಟು. ಆಗುದಿಲ್ಲ ಅಂತಾದರೆ ಬೇಡ.”

“ಹೇಳಿ ಅಕ್ಕ.”

“ಒಮ್ಮೆ ಮೇಲೆ ಹತ್ತಿ ನನ್ನನ್ನು ಕರೀತೀರಾ? ಒಂದೇ ಸಲ ಸಾಕು. ನಾನು ಮೊದಲನೆಯದಕ್ಕೇ ಓ ಅಂತೇನೆ. ಮೂರನೆಯದು ಅವಳಿಗೆ ಆಗುದಿಲ್ಲ. ಅದು ನನಗೆ ಮೊನ್ನೆ ಗೊತ್ತಾಯ್ತು. ನೀವು ಗಟ್ಟಿ ಇದ್ದೀರಿ, ನಿಮಗೇ ಎಷ್ಟು ಕಷ್ಟ ಆಯ್ತು. ಅವಳಿಗೆ ದಮ್ಮು. ಅವಳತ್ರ ಇಲ್ಲದ್ದನ್ನು ನಾನು ಇಷ್ಟು ವರ್ಷ ಕೇಳ್ತಾ ಕೂತಿದ್ದೆ.”

ಬೇಡ ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಸತ್ತವರ ಹೆಸರಿನಲ್ಲಿ ಕರೆಯುವುದು ನಮ್ಮ ಧರ್ಮಕ್ಕೆ ಒಪ್ಪುತ್ತದೋ ಇಲ್ಲವೋ ಎಂಬ ಅಳುಕು ಒಂದು. ಆ ಕತ್ತಲೆಯೊಳಗೆ ಮತ್ತೆ ಹೋಗುವ ಹೆದರಿಕೆ ಇನ್ನೊಂದು. ಆದರೆ ನಿಂತಿದ್ದ ಅವರ ಕೈಗಳು ಬಿಡಿಬಿಡಿಯಾಗಿ ಇಳಿಬಿದ್ದಿದ್ದವು. ಒಂದು ಇನ್ನೊಂದನ್ನು ಹಿಡಿದಿರಲಿಲ್ಲ. ಅದನ್ನು ನೋಡಿ ಆಗಲಿ ಎಂದೆ.

ಅಂದು ಅವರು ಯಾವ ಒಲೆಗೂ ಬೆಂಕಿ ಹಾಕಿರಲಿಲ್ಲ. ನಾನು ಮುಚ್ಚಳವನ್ನು ಬಿಗಿಯದಂತೆ ಹಗುರಾಗಿ ಎಳೆದುಕೊಂಡು ಒಳಗೆ ಕುಕ್ಕುರುಗಾಲಲ್ಲಿ ಕೂತೆ. ಮಳೆ ನಿಂತು ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಪ್ಪಳದ ಹಗ್ಗ ಇರುವ ಮೂಲೆ ನನ್ನ ಬೆನ್ನ ಹಿಂದೆ. ಅತ್ತ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕೆಳಗೆ ಪದ್ಮಕ್ಕ ಉಯ್ಯಾಲೆಯಲ್ಲಿ ಕೂತದ್ದು ಕೇಳಿಸಿತು. ಹನ್ನೆರಡು ಹದಿಮೂರರ ಹುಡುಗಿ ಅಕ್ಕನನ್ನು ಹೇಗೆ ಕರೆಯುತ್ತಾಳೆ? ಜೋರಾಗಿಯೋ, ಮೆಲ್ಲಗೆಯೋ? ನನಗೆ ಅಕ್ಕತಂಗಿಯರಿಲ್ಲ. ಸ್ವರ ಸರಿಯಾಗಿ ಬರದಿದ್ದರೆ ಮತ್ತೆ ಆ ಮುಖವನ್ನು ನೋಡಬೇಕಲ್ಲ ಎಂದು ನಾಚಿಕೆ, ಸಂಕಟ. ಕೊನೆಗೆ ಹೇಗಾದರೂ ಆಗಲಿ ಎಂದು ಬಾಯಿ ತೆರೆದು ಉಸಿರೆಳೆದುಕೊಂಡೆ.

“ಓ! ಬತ್ತೆ ಕುಸುಮ!” ಕೆಳಗಿನಿಂದ ಪದ್ಮಕ್ಕ ಓಗೊಟ್ಟರು.

ಈ ಸಲ ಓಡಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮುಚ್ಚಳ ಎದ್ದಿತು, ಕೈಯಲ್ಲಿದ್ದ ದೀಪದ ಬೆಳಕು ಮೊದಲು ಬಂತು, ಆಮೇಲೆ ಮುಖ. ಅವರು ನನ್ನನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಿನ ಮೂಲೆಯನ್ನು ನೋಡುತ್ತಿದ್ದರು. “ಬಲ, ಕತ್ತಲೆ ಆಂಡ್” ಎಂದರು. ಬಾ, ಕತ್ತಲಾಯಿತು. ಅಂಗಳದಲ್ಲಿ ಆಡಲು ಹೋದ ಮಗುವನ್ನು ಕರೆಯುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ಆ ಇಕ್ಕಟ್ಟಿನ ಏಣಿಯಲ್ಲಿ ಗೋಡೆಗೆ ಅಂಟಿಕೊಂಡು, ಮೈಯನ್ನು ಒಂದು ಬದಿಗೆ ಸರಿಸಿ, ಇನ್ನೊಬ್ಬರು ಇಳಿದುಹೋಗಲು ಬೇಕಾದಷ್ಟು ಜಾಗ ಬಿಟ್ಟು ನಿಂತರು. ನಾನು ಅಲುಗಾಡಲಿಲ್ಲ. ಸ್ವಲ್ಪ ಹೊತ್ತು ಕಳೆದು ಅವರೂ ಇಳಿದರು. ನಾನು ಇಳಿದದ್ದು ಎಲ್ಲರಿಗಿಂತ ಕೊನೆಗೆ.

ಬೆಳಿಗ್ಗೆ ಎದ್ದಾಗ ಉಯ್ಯಾಲೆ ತೂಗುತ್ತಿತ್ತು. ಪದ್ಮಕ್ಕ ತಲೆಗೆ ಮಿಂದು, ಒಂದು ಕಟ್ಟು ಹಪ್ಪಳವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಚೀಲದ ಪಕ್ಕ ಇಟ್ಟಿದ್ದರು. ನನಗೆ ಬಿಸಿ ದೋಸೆ ಹಾಕಿ ಕೊಟ್ಟು ಎದುರಿಗೆ ಕೂತರು. ಒಂದೇ ರಾತ್ರಿಯಲ್ಲಿ ಅವರ ಮುಖದಿಂದ ಎಷ್ಟೋ ವರ್ಷ ಇಳಿದುಹೋಗಿತ್ತು.

“ರಾತ್ರಿ ಒಳ್ಳೆ ನಿದ್ರೆ ಬಂತು ಮಾರಾಯ್ತಿ. ಆಟಿಯಲ್ಲಿ ನಾನು ಹೀಗೆ ಮಲಗಿದ್ದು ನೆನಪೇ ಇಲ್ಲ. ನಿಮಗೆ ಎಂತ ಹೇಳ್ಬೇಕು ಅಂತಲೇ ಗೊತ್ತಾಗುದಿಲ್ಲ.” ನಗುತ್ತಾ ನನ್ನ ಕೈ ಮುಟ್ಟಿದರು. “ಎಷ್ಟು ಸರಿಯಾಗಿ ಕರೆದಿರಿ ನೀವು! ಅವಳೂ ಹಾಗೆಯೇ, ಕೊನೆಗೆ ಸ್ವಲ್ಪ ಎಳೆಯುದು. ನಾನು ನಿಮಗೆ ಅದನ್ನು ಹೇಳಿರ್ಲಿಲ್ಲ ಅಲ್ವಾ?”

ನಾನು ತಟ್ಟೆಯ ಮೇಲೆ ಬಗ್ಗಿ ತಲೆಯಾಡಿಸಿದೆ. ಪದ್ಮಕ್ಕ ಈಗಿಲ್ಲ. ಅವರು ಇರುವವರೆಗೂ, ಪ್ರತಿ ಆಟಿಯಲ್ಲಿ ಫೋನು ಮಾಡಿ ಈಗ ಮೇಲೆ ಏನೂ ಕೇಳಿಸುವುದಿಲ್ಲ ಎಂದು ಹೇಳುವಾಗಲೂ, ಆ ಸಂಜೆ ನಾನು ಬಾಯಿ ತೆರೆದಿದ್ದೆನೇ ಹೊರತು ಇನ್ನೂ ಕರೆದಿರಲಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.